ಮುಚ್ಚಳ ನಾನು ಹಿಡ್ಕೋತೀನಿ

"ಅಯ್ಯೋ! ಏನ್ರೀ ಮಾಡಿದ್ರಿ?"

ಅವಳ ದನಿಗೆ ಇಡೀ ಕೋಣೆ ತಲೆಯೆತ್ತಿತು.

ಆಗಷ್ಟೇ ಬರೆದು ಒಣಗಲು ಬಿಟ್ಟಿದ್ದ ಪದವಿ ಪತ್ರ. ಅದರ ಮೇಲೆ, ಯಾರೋ ವಿದ್ಯಾರ್ಥಿನಿಯ ಹೆಸರಿನ ಪಕ್ಕದಲ್ಲೇ, ಒಂದು ಪೆನ್ನಿನ ಮುಚ್ಚಳ ಬಂದು ನಿಂತಿತ್ತು. ಎದುರಿನ ಮೇಜಿನಿಂದ ಉರುಳಿ ಬಂದದ್ದು. ಸುಮ್ಮನೆ ಬಂದಿದ್ದರೆ ಬೇರೆ ಮಾತು... ಒಳಗಿದ್ದ ಶಾಯಿಯ ಹನಿಯನ್ನು ಕಾಗದದ ಮೇಲೆ ಉಗುಳಿತ್ತು.

ಮುಚ್ಚಳದ ಯಜಮಾನ ಗಾಬರಿಯಿಂದ ಎದ್ದು ನಿಂತಿದ್ದ. ಅಂದೇ ಕೆಲಸಕ್ಕೆ ಸೇರಿದ ಹೊಸ ಬರಹಗಾರ. ತೆಳ್ಳನೆಯ ಆಳು, ಕಿವಿಯ ಬಳಿ ನಾಲ್ಕು ಬಿಳಿ ಕೂದಲು.

"ಕ್ಷಮಿಸಿ ಮೇಡಂ... ಪಕ್ಕದಲ್ಲಿ ಇಟ್ಟಿದ್ದೆ, ಉರುಳಿಬಿಡ್ತು."

"ಮುಚ್ಚಳ ಎಲ್ಲಿಡಬೇಕು ಅಂತಾನೂ ಗೊತ್ತಿಲ್ಲದೆ ಈ ಕೆಲಸಕ್ಕೆ ಬಂದ್ರಾ? ಪೆನ್ನಿನ ಹಿಂದಕ್ಕೆ ಸಿಕ್ಕಿಸ್ಕೋಬೇಕು. ಹೀಗೆ!"

ಅವನು ಅವಳ ಕೈಯಲ್ಲಿದ್ದ ಪೆನ್ನನ್ನು ನೋಡಿದ.

"ಲೋಹದ ಮುಚ್ಚಳ... ಹಿಂದಕ್ಕೆ ಹಾಕಿದ್ರೆ ಕೈ ಜಗ್ಗಲ್ವಾ?"

"ಇಷ್ಟು ವರ್ಷ ನನಗೇನೂ ಜಗ್ಗಿಲ್ಲ."

ಹಾಗೆಂದು ಕೂತಳು. ಹೇಳಿದ್ದು ಸುಳ್ಳು. ಮೇಜಿನ ಕೆಳಗೆ ಅವಳ ಎಡಗೈ ಬಲಗೈಯ ಮಣಿಕಟ್ಟನ್ನು ಮೆಲ್ಲಗೆ ಒತ್ತುತ್ತಿತ್ತು.

ವಿಶ್ವವಿದ್ಯಾಲಯದ ಆ ಕೋಣೆಯಲ್ಲಿ ಪದವಿ ಪತ್ರಗಳ ಮೇಲೆ ಹೆಸರುಗಳನ್ನು ಇಂದಿಗೂ ಕೈಯಲ್ಲೇ ಬರೆಯುತ್ತಿದ್ದರು. ಬೆಳಗ್ಗೆಯಿಂದ ಸಂಜೆಯವರೆಗೆ ಬೇರೆಯವರ ಹೆಸರು. ಒಂದು ಹೆಸರು ಬರೆದು, ಮುಂದಿನದರ ಕಾಗುಣಿತ ಸರಿಯಿದೆಯೇ ಎಂದು ನೋಡುವಷ್ಟರಲ್ಲಿ ಫ್ಯಾನಿನ ಗಾಳಿಗೆ ನಿಬ್ಬು ಒಣಗುತ್ತಿತ್ತು. ಅದಕ್ಕೇ ಮುಚ್ಚಳ ಕೈಗೆಟುಕುವಂತೆ ಇರಬೇಕು. ಮೇಜಿನ ಮೇಲಿಟ್ಟರೆ ಉರುಳುತ್ತದೆ. ಎಡಗೈಯಲ್ಲಿ ಹಿಡಿಯೋಣವೆಂದರೆ ಅವಳ ಎಡಗೈಗೆ ಬೇರೆಯೇ ಕೆಲಸವಿತ್ತು: ನಡುಗುವ ಬಲಗೈಗೆ ಆಸರೆ ಕೊಡುವುದು.

ಆ ವಿಷಯ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದಿತ್ತು.

ನಿಶ್ಚಯವಾಗಿದ್ದ ಮದುವೆ ಮುರಿದು ಎಷ್ಟೋ ಕಾಲವಾಗಿತ್ತು. ಅಣ್ಣನ ಮನೆಯಲ್ಲಿ ಅವಳಿಗೊಂದು ಕೋಣೆಯಿತ್ತು, ತಟ್ಟೆಯಿತ್ತು, ಪ್ರೀತಿಯೂ ಇತ್ತು. ಆದರೆ ತನ್ನದೇ ಎಂದು ಹೇಳಿಕೊಳ್ಳಲು ಇದ್ದದ್ದು ಆ ಮುದ್ದಾದ ಅಕ್ಷರ ಒಂದೇ.

ಹೊಸಬ ಮಾತ್ರ ದಿನಕ್ಕೊಂದು ಪ್ರಯೋಗ ಮಾಡುತ್ತಿದ್ದ. ಮುಚ್ಚಳವನ್ನು ಜೇಬಿಗೆ ಹಾಕಿಕೊಂಡ. ಅಂಗಿಯ ಮೇಲೆ ನೀಲಿ ಹೂ ಅರಳಿತು. ಕಿವಿಯ ಮೇಲೆ ಸಿಕ್ಕಿಸಿದ, ಬಿದ್ದುಹೋಯಿತು. ಹಲ್ಲಲ್ಲಿ ಕಚ್ಚಿಕೊಂಡು ಬರೆಯುತ್ತಿದ್ದಾಗ ಸೂಪರಿಂಟೆಂಡೆಂಟ್ ಬಂದು "ಏನ್ರೀ, ಊಟ ಮಾಡ್ಕೊಂಡು ಬಂದಿಲ್ವಾ?" ಎಂದರು. ಅವನು ಉತ್ತರಿಸಲು ಬಾಯಿ ತೆರೆದ... ಮುಚ್ಚಳ ಅವರ ಪಾದದ ಮೇಲೆ!

ಅವಳಿಗೆ ನಗು ತಡೆಯಲಾಗಲಿಲ್ಲ. ತಾನು ನಕ್ಕದ್ದು ಅವಳಿಗೇ ಆಶ್ಚರ್ಯ.

"ನಗಿ ಮೇಡಂ, ನಗಿ. ಏನ್ಮಾಡ್ಲಿ, ಟೋಪಿ ಹಾಕೋ ವಿದ್ಯೆ ನನಗೆ ಪೆನ್ನಿನ ಮೇಲೂ ಬರಲ್ಲ!"

ಒಂದು ಮಧ್ಯಾಹ್ನ ಉದ್ದನೆಯ ಹೆಸರೊಂದರ ನಡುವೆ ಅವಳ ಕೈ ನಿಂತುಬಿಟ್ಟಿತು. ಬೆರಳಿಂದ ಮೊಣಕೈವರೆಗೆ ಬೆಂಕಿ ಹರಿದಂತೆ. ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದಳು.

ಯಾರೂ ನೋಡಿಲ್ಲ ತಾನೇ...?

ಕಣ್ಣು ತೆರೆದರೆ ಅವನು ನೋಡುತ್ತಿದ್ದ. ಎದುರಿನ ಮೇಜಿನಿಂದಲೇ ಕೈ ಮಾತ್ರ ಚಾಚಿದ.

"ಆ ಮುಚ್ಚಳ ತೆಗೆದು ಕೊಡಿ. ನಾನು ಹಿಡ್ಕೋತೀನಿ."

"ಏನು?"

"ನಿಮ್ಮ ಮುಚ್ಚಳ ರೀ. ನೀವು ಬರೀರಿ. ಬೇಕಾದಾಗ ಕೈ ಮುಂದೆ ಮಾಡಿ, ಕೊಡ್ತೀನಿ. ನನ್ನ ಎಡಗೈ ಹೇಗೂ ದಂಡಕ್ಕಿದೆ."

"ಹುಚ್ಚಾ ನಿಮಗೆ?"

"ಇರಬಹುದು. ಕೊಡಿ."

ಬೇಡ ಎನ್ನುವುದಕ್ಕೂ ಅವಳಲ್ಲಿ ಶಕ್ತಿಯಿರಲಿಲ್ಲ. ಕೊಟ್ಟಳು.

ಪೆನ್ನು ಹಗುರಾಯಿತು. ಎಷ್ಟು ಹಗುರ! ಹೆಸರು ಮುಗಿಸಿ, ತಲೆಯೆತ್ತದೆ ಅಂಗೈ ಚಾಚಿದಳು. ಮುಚ್ಚಳ ಬಂದು ಕೂತಿತು. ಅವನ ಮುಷ್ಟಿಯಲ್ಲಿದ್ದು ಬೆಚ್ಚಗಾಗಿತ್ತು.

ಅಂದಿನಿಂದ ಅದೇ ರೂಢಿಯಾಯಿತು. ಇಬ್ಬರ ನಡುವೆ ಆ ಚಿಕ್ಕ ಲೋಹದ ತುಂಡು ಹೋಗುತ್ತಾ ಬರುತ್ತಾ ಇತ್ತು. ಮನೆಯಲ್ಲಿ ಅತ್ತಿಗೆ ಕಣ್ಣರಳಿಸಿ "ಏನಮ್ಮಾ, ಕನ್ನಡಿ ಮುಂದೆ ಇಷ್ಟೊತ್ತು?" ಎಂದು ಕೆಣಕಿದರೆ, "ಬಾಚಣಿಗೆ ಮುರಿದಿದೆ ಅತ್ತಿಗೆ" ಎಂದು ಜಾರಿಕೊಳ್ಳುತ್ತಿದ್ದಳು.

ಆದರೆ ನೋವು ಮಾತ್ರ ಬಿಟ್ಟು ಹೋಗಲಿಲ್ಲ.

ಒಂದು ಬೆಳಗ್ಗೆ ಸೂಪರಿಂಟೆಂಡೆಂಟ್ ಕರೆದರು.

"ನಿಮ್ಮ ಕೈ ಸರಿಯಿಲ್ವಂತೆ. ಹೊಸಬರು ಹೇಳಿದ್ರು. ನಾಳೆಯಿಂದ ಕೆಳಗಡೆ ಕೌಂಟರಿನಲ್ಲಿ ಕೂತ್ಕೊಳ್ಳಿ. ಬರೆಯೋದು ಬೇಡ, ಪತ್ರ ಹಂಚಿದ್ರೆ ಸಾಕು."

ಹೊಸಬರು ಹೇಳಿದ್ರು...

ಕಿವಿಯಲ್ಲಿ ಅದೊಂದೇ ಮಾತು ಗುಂಯ್ಗುಟ್ಟಿತು. ಹೊರಗೆ ಯಾರೋ ಪಿಸುಗುಟ್ಟುತ್ತಿದ್ದರು: "ಅವಳ ಜಾಗ ಖಾಲಿ ಆಯ್ತಲ್ಲ, ಈಗ ಅವನ ಕೆಲಸ ಖಾಯಂ ಆಗುತ್ತೆ ನೋಡು."

ಓಹ್! ಅದಕ್ಕೇನಾ ಅಷ್ಟು ಅಕ್ಕರೆ? ಟೋಪಿ ಹಾಕೋಕೆ ಬರಲ್ಲ ಅಂದವನು ಎಷ್ಟು ನಾಜೂಕಾಗಿ ಹಾಕಿದ!

ಅವನು ಮೆಟ್ಟಿಲ ಬಳಿ ಎದುರಾದ. "ಮೇಡಂ, ಒಂದು ನಿಮಿಷ..."

ಅವಳು ನಿಲ್ಲಲಿಲ್ಲ.

ಆಮೇಲಿನ ದಿನಗಳು ಕಾಲೆಳೆದುಕೊಂಡು ಹೋದವು. ಕೌಂಟರಿನ ಕಿಂಡಿಯಲ್ಲಿ ಮುಖಗಳು ಬರುತ್ತಿದ್ದವು, ಪತ್ರ ಪಡೆದು ಹೋಗುತ್ತಿದ್ದವು. ಕೋಪವಾದರೂ ಉಳಿದಿದ್ದರೆ ಚೆನ್ನಾಗಿತ್ತು; ಅದೂ ಆರಿಹೋಗಿ ಬರೀ ಆಯಾಸ ಉಳಿಯಿತು. ಅತ್ತಿಗೆಯೇ ಬಲವಂತದಿಂದ ಡಾಕ್ಟರ ಬಳಿ ಕರೆದೊಯ್ದಳು. ಕೈ ನೋಡಿದ ಡಾಕ್ಟರು ಬೈದರು. "ಇನ್ನೂ ಸ್ವಲ್ಪ ದಿನ ಹೀಗೇ ಬರೆದಿದ್ರೆ ಊಟಕ್ಕೂ ಈ ಕೈ ಬರ್ತಿರಲಿಲ್ಲ. ಪೂರ್ತಿ ವಿಶ್ರಾಂತಿ ಕೊಡಿ."

ದಾರಿಯಲ್ಲಿ ಅತ್ತಿಗೆ ಕೇಳಿದಳು, "ನಮಗಾದ್ರೂ ಯಾಕೆ ಹೇಳ್ಲಿಲ್ಲ?"

"ಬರೆಯೋದೂ ಹೋದ್ರೆ ನನ್ನ ಹತ್ರ ಏನಿರುತ್ತೆ ಅತ್ತಿಗೆ?"

ಅತ್ತಿಗೆ ಅವಳ ಭುಜ ಬಳಸಿ ನಡೆದಳು.

ಮರುವಾರ ಮೇಲಿನಿಂದ ಬಂದ ಪತ್ರಗಳ ಕಟ್ಟನ್ನು ಬಿಚ್ಚಿದವಳು ಹುಬ್ಬು ಗಂಟಿಕ್ಕಿದಳು. ಅರ್ಧದಷ್ಟರ ಮೇಲೆ ಅವನ ಅಕ್ಷರ. ಮಿಕ್ಕಿದ್ದು ಯಾರದೋ ಸೊಟ್ಟ ಬರಹ.

"ಇದ್ಯಾರು ಬರೆದಿದ್ದು?" ಎಂದು ಕಟ್ಟು ತಂದ ಅಟೆಂಡರಮ್ಮನನ್ನು ಕೇಳಿದಳು.

"ಬೇರೆ ಸೆಕ್ಷನ್ನಿಂದ ಒಬ್ಬರನ್ನ ಕರೆಸಿದ್ದಾರೆ. ಆ ಹೊಸಬ ಇದಾನಲ್ಲ, ನಿಮ್ಮ ಜಾಗದಲ್ಲಿ ಕೂರಲ್ಲ ಅಂದ್ಬಿಟ್ನಂತೆ. ಖಾಯಂ ಮಾಡ್ತೀವಿ ಅಂದ್ರೂ ಕೇಳ್ಲಿಲ್ಲ. 'ಅವರಿಗೆ ರಜೆ ಕೊಡಿ ಅಂದೆ, ಜಾಗ ಕಿತ್ಕೊಳ್ಳಿ ಅಂದಿಲ್ಲ' ಅಂತ ಸಾಹೇಬರ ಎದುರೇ ಜಗಳ ಆಡಿದ!"

ಊಟದ ಹೊತ್ತು. ಕಿಂಡಿ ಮುಚ್ಚಿ ಅವಳು ಮೆಟ್ಟಿಲು ಹತ್ತಿದಳು. ಕೋಣೆಯಲ್ಲಿ ಅವನೊಬ್ಬನೇ ಇದ್ದ. ಅವಳನ್ನು ಕಂಡು ಎದ್ದು ನಿಂತ.

"ಯಾಕೆ ಹೇಳಿದ್ರಿ ಅವರಿಗೆ?"

ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು.

"ನಮ್ಮಕ್ಕ ಬಟ್ಟೆ ಹೊಲೀತಿದ್ಲು," ಎಂದ ಅವನು ಮೆಲ್ಲಗೆ. "ನೋವು ಅಂತ ಒಂದಿನವೂ ಬಾಯಿ ಬಿಡ್ಲಿಲ್ಲ. ಈಗ ಅವಳ ಕೈಯಲ್ಲಿ ಜಡೆ ಹಾಕ್ಕೊಳ್ಳೋಕೂ ಆಗಲ್ಲ. ದಿನಾ ಬೆಳಗ್ಗೆ ನಾನೇ ಹಾಕ್ತೀನಿ. ನಿಮ್ಮನ್ನ ನೋಡಿ... ಹೆದರಿಕೆ ಆಯ್ತು."

"ಹೆದರಿಕೆ ಆದ್ರೆ ನನಗೆ ಹೇಳ್ಬೇಕಿತ್ತು. ಅದು ನನ್ನ ಕೈ. ಹೇಳೋದು, ಬಿಡೋದು ನನ್ನಿಷ್ಟ."

"ಹೌದು. ನಿಮ್ಮನ್ನ ಕೇಳದೆ ಹೇಳಿದ್ದು ತಪ್ಪು. ನನ್ನದೇ ತಪ್ಪು."

ಅವನು ಸಮರ್ಥಿಸಿಕೊಳ್ಳುತ್ತಾನೆ ಎಂದುಕೊಂಡು ಎಷ್ಟೋ ಮಾತು ಕಟ್ಟಿಕೊಂಡು ಬಂದಿದ್ದಳು. ಒಂದೂ ಬೇಕಾಗಲಿಲ್ಲ. ಹತ್ತಿರದ ಕುರ್ಚಿಯಲ್ಲಿ ಕುಸಿದು ಕೂತಳು. ಕಣ್ಣು ತುಂಬಿತು.

"ನನಗೆ ತುಂಬಾ ಸುಸ್ತಾಗಿದೆ... ಜಗಳ ಆಡೋಕೂ ಆಗ್ತಿಲ್ಲ."

"ಆಡಬೇಡಿ. ಸುಮ್ಮನೆ ಕೂತ್ಕೊಳ್ಳಿ." ಅವನು ಎದುರಿಗೆ ಕೂತ. "ಡಾಕ್ಟರಿಗೆ ತೋರಿಸಿದ್ರಾ?"

"ಹ್ಞೂಂ. ವಿಶ್ರಾಂತಿ ಅಂದ್ರು. ಆಮೇಲೆ ಮೊದಲಿನ ಹಾಗೆ ಬರೆಯೋಕಾಗುತ್ತಾ ಅಂದ್ರೆ, ಹೇಳೋಕಾಗಲ್ಲ ಅಂದ್ರು." ಅವಳು ತನ್ನ ಬಲಗೈಯನ್ನೇ ನೋಡಿಕೊಂಡಳು. "ಬರೆಯೋಕೆ ಆಗದೇ ಹೋದ್ರೆ?"

"ಆಗದೇ ಹೋದ್ರೆ ನಿಮಗೆ ಎಷ್ಟು ಸಂಕಟ ಅಂತ ಗೊತ್ತು. ಅದಕ್ಕೆ ಮದ್ದು ನನ್ನ ಹತ್ರ ಇಲ್ಲ." ಅವನು ತಡವರಿಸಿದ. "ಆದ್ರೆ... ನನಗೆ ಬೇಕಾಗಿರೋದು ನೀವು. ಕೈ ಸರಿಹೋಗಲಿ, ಹೋಗದಿರಲಿ. ಇದನ್ನಾದ್ರೂ ಮೊದಲು ನಿಮಗೇ ಹೇಳಬೇಕು ಅಂತ ಕಾಯ್ತಿದ್ದೆ."

ಫ್ಯಾನು ತಿರುಗುತ್ತಿತ್ತು. ಒಣಗಲಿಟ್ಟ ಕಾಗದಗಳ ಅಂಚುಗಳು ಮೆಲ್ಲಗೆ ಅಲುಗುತ್ತಿದ್ದವು.

ಅವಳು ತನ್ನ ನೋಯುವ ಬಲಗೈಯನ್ನು ಮೇಜಿನ ಮೇಲಿಟ್ಟಳು, ಅವನ ಕೈಯ ಹತ್ತಿರ. ಅವನು ಗಾಜಿನ ಸಾಮಾನು ಮುಟ್ಟುವವನಂತೆ ಅದರ ಮೇಲೆ ತನ್ನ ಕೈಯಿಟ್ಟ.

"ನೋವಾಗುತ್ತಾ ಮೇಡಂ?"

"ಮೇಡಂ ಅಂದ್ರೆ ಆಗುತ್ತೆ."

ಅವನು ಬೆಪ್ಪಾಗಿ ನೋಡಿದ. ಅವಳು ಕಣ್ಣೊರೆಸಿಕೊಂಡಳು.

"ನೀನು... ಊಟ ಮಾಡಿದ್ಯಾ?"

ಅವನ ಮುಖ ಅರಳಿತು.

"ಇಲ್ಲ. ನೀನು?"

"ನಾನೂ ಇಲ್ಲ."