ಕಲ್ಲಾದ ಮೊಸರು

ಬಹಳ ಬಹಳ ಹಿಂದೆ, ಹಾಲ್ದೊರೆ ಎಂಬ ರಾಜ್ಯದಲ್ಲಿ ಒಂದು ಪದ್ಧತಿಯಿತ್ತು. ನೆರೆಯವರು ಹೆಪ್ಪು ಕೇಳಿಕೊಂಡು ಬಂದರೆ, ಜಗಳವಾಡಿ ಮಾತುಬಿಟ್ಟವರೂ ಇಲ್ಲವೆನ್ನುವಂತಿರಲಿಲ್ಲ. ಮುಖ ತಿರುಗಿಸಿಕೊಂಡಾದರೂ ಒಂದು ಚಮಚ ಮೊಸರು ಕೊಡಲೇಬೇಕು.

ಆ ರಾಜ್ಯದ ಗುಡ್ಡದ ಮೇಲೆ ಜಂಬುಕಾಕ್ಷನೆಂಬ ಮಾಂತ್ರಿಕನಿದ್ದ. ಅವನು ಮೊಸರಿಗೆ ಮಂತ್ರ ಹಾಕಿ, ಸುಡುಜ್ವರ ಇಳಿಸುವ ಗುಣ ತುಂಬಿದ. ಬುದ್ಧಿವಂತನೇ, ಸುಳ್ಳು ಹೇಳಬಾರದು. ಆದರೆ ದುರಾಸೆ ಅವನ ಬುದ್ಧಿಗಿಂತ ದೊಡ್ಡದಿತ್ತು. "ಈ ಮೊಸರೂ ನನ್ನದು, ಇದರಿಂದ ಹುಟ್ಟುವ ಮೊಸರೆಲ್ಲವೂ ನನ್ನದು" ಎಂದು ರಾಜನಿಂದ ಮುದ್ರೆ ಒತ್ತಿಸಿಕೊಂಡ. ಬೇರೆ ಯಾರಾದರೂ ಅದರಿಂದ ಹೆಪ್ಪು ಹಾಕಿದರೆ ಗಡಿಗೆಯಲ್ಲಿರುವುದೆಲ್ಲ ಕಲ್ಲಾಗಲಿ ಎಂದು ಶಾಪವನ್ನೂ ಇಟ್ಟ.

ಹೊನ್ನಾಜಿ ಎಂಬ ಹುಡುಗಿಯ ತಂಗಿಗೆ ಸುಡುಜ್ವರ ಬಂತು. ಇದ್ದ ದುಡ್ಡೆಲ್ಲ ಕೊಟ್ಟು ಗುಡ್ಡದಿಂದ ತಂದ ಒಂದು ಬಟ್ಟಲು ಮೊಸರಿಗೆ ಜ್ವರ ಇಳಿಯಿತು. ನಾಳೆಗೂ ಬೇಕಲ್ಲ ಎಂದು ಹೊನ್ನಾಜಿ ಉಳಿದಿದ್ದನ್ನು ಹಾಲಿಗೆ ಹಾಕಿಟ್ಟಳು. ಬೆಳಗ್ಗೆ ನೋಡಿದರೆ ಕಲ್ಲು! ಜ್ವರ ಮತ್ತೆ ಏರಿತು. ಹೊನ್ನಾಜಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಕಲ್ಲಾದ ಮೊಸರಿನ ಗಡಿಗೆಯನ್ನು ಸೊಂಟಕ್ಕೇರಿಸಿ, ಕೈಯಲ್ಲಿ ಮನೆಯ ಮಾಮೂಲಿ ಮಜ್ಜಿಗೆ ಹಿಡಿದು ಗುಡ್ಡ ಹತ್ತಿದಳು.

ಮೊದಲನೆಯ ಬಾಗಿಲಲ್ಲಿ ಬೆಂಕಿಯುಗುಳುವ ಹುಲಿ.

"ಧಣಿಗಳ ಅಪ್ಪಣೆಯಿಲ್ಲದೆ ಬಿಡೋದಿಲ್ಲ!"

"ಬಿಡಬೇಡಪ್ಪ. ಗಂಟಲು ಒಣಗಿದೆ ನಿಂದು, ಮೊದಲು ಮಜ್ಜಿಗೆ ಕುಡಿ."

ಧಣಿ ಅದಕ್ಕೆ ಒಂದು ತೊಟ್ಟೂ ಕೊಟ್ಟವನಲ್ಲ. ಹುಲಿ ಕುಡಿದು, ಮೀಸೆ ನೆಕ್ಕಿ, ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಏಳು ಹೆಡೆಯ ಸರ್ಪ. ಅದೇ ಮಾತು, ಅದೇ ಮಜ್ಜಿಗೆ. ಏಳು ಬಾಯಿಗೂ ಕುಡಿಸುವಷ್ಟರಲ್ಲಿ ಮಜ್ಜಿಗೆ ಮುಗಿದು, ಹೊನ್ನಾಜಿಯ ಕೈ ಸೋತುಹೋಯಿತು.

ಮೂರನೆಯ ಬಾಗಿಲಲ್ಲಿ ಜಂಬುಕಾಕ್ಷನೇ ನಿಂತಿದ್ದ. ಅವನು ಮಜ್ಜಿಗೆಗೆ ಬಗ್ಗುವ ಆಸಾಮಿಯಲ್ಲ.

"ಅಯ್ಯಾ, ತಂಗಿ ಜ್ವರದಲ್ಲಿ ಬೇಯ್ತಿದ್ದಾಳೆ. ಶಾಪ ತೆಗೀರಿ."

"ನಾನು ಹುಟ್ಟಿಸಿದ ಮೊಸರು, ನನ್ನಿಷ್ಟ."

"ಮೊದಲು ಹಾಕಿದ ಹೆಪ್ಪು ಯಾರ ಮನೇದು?"

"ಯಾರದಾದರೇನು? ನನಗೆ ಯಾರ ಹೆಪ್ಪೂ ಬೇಡ!"

"ಹಾಗಾದರೆ ಬರೀ ಹಾಲು, ಬರೀ ಮಂತ್ರ. ಮೊಸರು ಮಾಡಿ ತೋರಿಸಿ, ಮರುಮಾತಾಡದೆ ಹೋಗ್ತೀನಿ."

ಜಂಬುಕಾಕ್ಷನ ಅಹಂಕಾರ ಕೆರಳಿತು. ಇದ್ದಬದ್ದ ಮೊಸರನ್ನೆಲ್ಲ ಚೆಲ್ಲಿಸಿದ. ಗಡಿಗೆಗಳನ್ನು ಬೂದಿ ಹಾಕಿ ತಿಕ್ಕಿಸಿದ. ಹೊಸ ಹಾಲು ಸುರಿದು ಮಂತ್ರ ಹೇಳಿದ. ಹಾಲು ಹಾಲಾಗಿಯೇ ಇತ್ತು. ಗಂಟಲು ಕಟ್ಟುವವರೆಗೆ ಹೇಳಿದ. ಹಾಲು ಒಡೆದು ನಾರಿತು. ಹುಲಿ ಮೂಗು ಮುಚ್ಚಿಕೊಂಡಿತು.

ಈಗ ಅವನ ಮದ್ದಿನ ಮೊಸರು ಉಳಿದಿದ್ದು, ಹೊನ್ನಾಜಿಯಂತೆಯೇ ಹೆಪ್ಪು ಹಾಕಿ ಕಲ್ಲು ಪಡೆದ ಊರವರ ಗಡಿಗೆಗಳಲ್ಲಿ ಮಾತ್ರ. ಜಂಬುಕಾಕ್ಷ ಮೆಲ್ಲಗೆ ಬಟ್ಟಲು ಚಾಚಿದ.

"ತಾಯೀ... ಒಂಚೂರು ಹೆಪ್ಪು."

"ಹೆಪ್ಪು ಕೇಳಿದರೆ ಇಲ್ಲ ಅನ್ನೋರು ನಾವಲ್ಲ" ಎಂದು ಹೊನ್ನಾಜಿ ಗಡಿಗೆ ಮುಂದಿಟ್ಟಳು. "ಕಲ್ಲನ್ನ ಮೊಸರು ಮಾಡಿ ತಗೊಳ್ಳಿ."

ಇದ್ದದ್ದು ಒಂದೇ ಶಾಪ. ಒಂದು ಗಡಿಗೆಗೆ ತೆಗೆದರೆ ಎಲ್ಲ ಗಡಿಗೆಗೂ ತೆಗೆದಂತೆ. ಜಂಬುಕಾಕ್ಷ ಹಲ್ಲು ಕಚ್ಚಿಕೊಂಡು ತೆಗೆದ. ಮನೆಮನೆಯ ಕಲ್ಲು ಮೊಸರಾಗಿ ಅಲುಗಾಡಿತು. ಹೊನ್ನಾಜಿ ಮೊದಲ ಚಮಚವನ್ನು ಅವನ ಬಟ್ಟಲಿಗೇ ಹಾಕಿ, ಮನೆಗೆ ಓಡಿದಳು. ಸಂಜೆಯ ಹೊತ್ತಿಗೆ ತಂಗಿ ಎದ್ದು ಕೂತು, ಉಪ್ಪಿನಕಾಯಿ ಎಲ್ಲಿ ಎಂದು ಕೇಳಿದಳು!

ಸುದ್ದಿ ಕೇಳಿದ ರಾಜ ನಾಚಿ ಮುದ್ರೆ ಅಳಿಸಿದ. ಆದರೂ ಜಂಬುಕಾಕ್ಷನಿಗೆ ಶಾಲು ಹೊದಿಸಿ, "ಮದ್ದು ಕಂಡುಹಿಡಿದ ಹೆಸರು ನಿನಗೆ, ಹೆಪ್ಪು ಎಲ್ಲರಿಗೆ" ಎಂದ.

ಅಂದಿನಿಂದ ಹಾಲ್ದೊರೆಯಲ್ಲಿ ಎಲ್ಲರೂ ನಗುನಗುತ್ತಾ ಬಾಳಿದರು. ಹುಲಿಗೂ ಸರ್ಪಕ್ಕೂ ದಿನಾ ಮಜ್ಜಿಗೆ ಸಿಕ್ಕಿತು. ಸಂಜೆಯಾದರೆ ಯಾರಾದರೂ ಬಟ್ಟಲು ಹಿಡಿದು ಗುಡ್ಡ ಹತ್ತುತ್ತಿದ್ದರು. ಜಂಬುಕಾಕ್ಷ ಮುಖ ತಿರುಗಿಸಿಕೊಂಡು ಒಂದು ಚಮಚ ಹಾಕುತ್ತಿದ್ದ.