ಬೋಳುಗುಡ್ಡದ ಮೀಸಲು ಹುಲ್ಲು

ಮಹಾನವಮಿಗೆ ಇನ್ನೂ ಒಂದು ತಿಂಗಳಿರುವಾಗಲೇ ನೆಲ್ಲಿದುರ್ಗದ ಕೋಟೆಗೆ ಸುಣ್ಣ ಬಳಿಯುವ ಕೆಲಸ ಮೊದಲಾಗಿತ್ತು. ಹೊಂಡದಲ್ಲಿ ಮಿಂದ ಪಟ್ಟದಾನೆ ಮೂಡಣ ಬಾಗಿಲಿಗೆ ಬರುವಾಗ ಬಳೆಗಾರರೂ ಹೂವಾಡಿಗರೂ ಬೀದಿಯ ಎರಡು ಬದಿಗೆ ಸರಿದು ದಾರಿ ಬಿಡುತ್ತಿದ್ದರು; ಅದರ ಹಿಂದೆಯೇ ಹನ್ನೆರಡು ಜೋಡಿ ಎತ್ತುಗಳು ಹಿರಿಯ ಫಿರಂಗಿಯನ್ನೆಳೆಯುತ್ತ, ಕಲ್ಲುಹಾಸು ನಡುಗುವಂತೆ ನಡೆದುಬಂದವು. ಅವುಗಳ ಬದಿಯಲ್ಲಿ ಎಡಗಾಲನ್ನು ಎಳೆದಿಡುತ್ತ ಬರುತ್ತಿದ್ದವನು ಫಿರಂಗಿಪಡೆಯ ಅಧಿಕಾರಿ ಸೋವರಸ. ಹಿಂದಿನ ದೊರೆಯ ಕುದುರೆಗೆ ಅಡ್ಡ ನಿಂತು ಹಗೆಯ ಗುಂಡನ್ನು ಆ ಕಾಲಿಗೆ ತೆಗೆದುಕೊಂಡವನು.

ಆ ದೊರೆಯ ಮಗ, ಯುವಕ ಮಲ್ಲರಸ ನಾಯಕ, ಉಪ್ಪರಿಗೆಯಿಂದ ನೋಡುತ್ತಿದ್ದ. ಸೋವರಸ ಮೇಲೇರಿ ಬಂದು ಕೈಮುಗಿದ.

"ಸೋವರಸರೇ, ಎತ್ತುಗಳು ಕೊಂಚ ಸೊರಗಿವೆಯಲ್ಲ?" ಎಂದ ದೊರೆ, ಉತ್ತರಕ್ಕೆ ಕಾಯದೆ ಪಕ್ಕದಲ್ಲಿ ಕಂಬಳಿ ಹೊದ್ದು ನಿಂತಿದ್ದ ಮುದುಕನತ್ತ ತಿರುಗಿದ. "ಏನಜ್ಜ, ನೀನೇನು ಹೇಳುತ್ತಿ?"

ಮುದುಕ ಗೊಲ್ಲರ ಕ್ಯಾತಯ್ಯ, ಅರಮನೆಯ ದನ ಮೇಯುವ ಬೋಳುಗುಡ್ಡದ ಹುಲ್ಲುಗಾವಲು, ಆ ಕಾವಲಿನ ಮುಖ್ಯಸ್ಥ. ಕಾಲು ಕೊಟ್ಟವನು ದೊರೆಯ ಬಾಯಲ್ಲಿ 'ಸೋವರಸರೇ' ಆಗಿಯೇ ಉಳಿದ. ದನ ಕಾಯುವವನು 'ಅಜ್ಜ'ನಾದ. ಹನ್ನೊಂದು ವರ್ಷದಿಂದ ಸೋವರಸನ ಎದೆಯಲ್ಲಿ ಈ ಒಂದು ಪದ ಮುಳ್ಳಿನಂತೆ ನಟ್ಟಿತ್ತು.

"ಸೊರಗದೆ ಏನು ಮಾಡಿಯಾವು?" ಎಂದ ಸೋವರಸ. "ಕಾವಲಿನ ಮೂರನೆಯ ಒಂದು ಪಾಲು, ಎದೆಯೆತ್ತರದ ಹುಲ್ಲು, ಹುಲ್ಲೆಗಳಿಗೂ ಹಕ್ಕಿಗಳಿಗೂ ಮೀಸಲಾಗಿದೆ. ಯುದ್ಧಕ್ಕೆ ಹೋಗುವುದು ಹುಲ್ಲೆಯೋ ಎತ್ತೋ, ಪ್ರಭು?"

ಕ್ಯಾತಯ್ಯನ ಪದ್ಧತಿ ಅದು. ಎರಡು ಪಾಲಿನಲ್ಲಿ ದನ ಸರದಿಯಂತೆ ಮೇಯುತ್ತಿದ್ದವು. ಮೂರನೆಯದು ಮೊದಲ ಮಳೆಯಿಂದಲೇ ದನಕ್ಕೆ ಮುಚ್ಚಿರುತ್ತಿತ್ತು. ಅಲ್ಲಿ ಹುಲ್ಲೆಗಳು ಮರಿಗಳನ್ನು ಅಡಗಿಸಿಡುತ್ತಿದ್ದವು. ಸೊಂಟದೆತ್ತರದ ದೊರವಾಯನ ಹಕ್ಕಿ ಬರಿಯ ನೆಲದ ಮೇಲೆ ಒಂದೇ ಒಂದು ಮೊಟ್ಟೆಯಿಟ್ಟು ಕಾವು ಕೂರುತ್ತಿತ್ತು. ಆ ಹಕ್ಕಿ ಮರಿಯೊಡನೆ ಮೀಸಲಿನಿಂದ ಹೊರಬಂದ ದಿನವೇ ದನಕ್ಕೆ ಪ್ರವೇಶ.

"ಹಕ್ಕಿಗಾಗಿ ಅಲ್ಲ ಬುದ್ಧಿ, ಹಕ್ಕಿ ನನಗೆ ಹೊತ್ತು ಹೇಳುತ್ತೆ," ಎಂದ ಕ್ಯಾತಯ್ಯ. "ಅದು ಹೊರಬರೋ ಹೊತ್ತಿಗೆ ಹುಲ್ಲು ಬೀಜ ಉದುರಿಸಿರುತ್ತೆ. ಈಗಲೇ ಮೇಯಿಸಿದರೆ ಎತ್ತು ಹಬ್ಬಕ್ಕೆ ಮಿಂಚುತ್ತವೆ, ಬೇಸಿಗೆಗೆ ಮಲಗುತ್ತವೆ. ಮರುವರ್ಷ ಹುಲ್ಲೇ ಇರೋದಿಲ್ಲ."

ದೊರೆ ನಕ್ಕ. "ಎತ್ತುಗಳಿಗೆ ಮಾತು ಬಂದಿದ್ದರೆ ಅವೂ ಅಜ್ಜನ ಕಡೆಗೇ ಸಾಕ್ಷಿ ಹೇಳುತ್ತಿದ್ದವು, ಸೋವರಸರೇ. ಹಕ್ಕಿ ಏಳುವವರೆಗೆ ಕಾಯೋಣ. ಅದನ್ನು ಕಾಯುವ ಹೊಣೆ ಅಜ್ಜನದು."

ಸುತ್ತಲಿದ್ದವರೂ ನಕ್ಕರು. ಸೋವರಸನೂ ನಕ್ಕ.

ಮರುದಿನ ಬೆಳಕು ಹರಿಯುವಾಗ ಅವನು ಒಬ್ಬನೇ ಮೀಸಲಿಗೆ ಹೋದ. ಹಕ್ಕಿ ಎದ್ದು ದೂರ ಸರಿದು ನಿಂತಿತು. ಮೊಟ್ಟೆಗೆ ಊರುಗೋಲಿನ ಒಂದೇ ಪೆಟ್ಟು ಸಾಕಾಯಿತು.

ಮೂರನೆಯ ದಿನ ಕ್ಯಾತಯ್ಯ ಸಭೆಗೆ ಬಂದು ತಲೆತಗ್ಗಿಸಿದ. "ಮೊಟ್ಟೆ ಒಡೆದಿದೆ ದೊರೆಯೇ. ಹಕ್ಕಿ ಹೋಯಿತು."

"ಯಾರ ಕೆಲಸ?"

"ಹೆಜ್ಜೆ ಉಳಿದಿಲ್ಲ. ಕಾವಲು ನನ್ನದು, ತಪ್ಪೂ ನನ್ನದೇ."

ಪ್ರೀತಿಸಿದವರ ಮೇಲೆ ಬರುವ ಸಿಟ್ಟು ದೊಡ್ಡದು. ಮಲ್ಲರಸ ಅಲ್ಲಿಯೇ ಮುದುಕನ ಅಧಿಕಾರ ಕಿತ್ತು ಸೋವರಸನಿಗೆ ಒಪ್ಪಿಸಿದ.

ಕೋಟೆಯ ಬಾಗಿಲಲ್ಲಿ ಕಾವಲಿನ ಬೆಳ್ಳಿಕಟ್ಟಿನ ಕೋಲನ್ನು ಹಸ್ತಾಂತರಿಸುವಾಗ ಕ್ಯಾತಯ್ಯ ಮೆಲ್ಲನೆ ಹೇಳಿದ: "ಎಡಗಾಲಿನ ಹೆಜ್ಜೆ ಎಳೆದಂಗಿತ್ತು ಬುದ್ಧಿ. ಕಂಬಳಿಯಿಂದ ಒರೆಸಿ ಬಂದೆ."

ಸೋವರಸ ಸುತ್ತ ನೋಡಿ ದನಿ ತಗ್ಗಿಸಿದ. "ಹೇಳಲಿಲ್ಲವೇಕೆ?"

"ಹೇಳಿದ್ದರೆ ನಿಮ್ಮ ತಲೆ ಹೋಗ್ತಿತ್ತು. ಬೇಸಿಗೆಗೆ ಹಗೆ ಏರಿಬಂದರೆ ಫಿರಂಗಿ ನಡೆಸೋರು ಯಾರು? ನನಗೆ ಹುಲ್ಲು ಗೊತ್ತು, ಅದು ಗೊತ್ತಿಲ್ಲ. ಬೀಜ ಉದುರೋವರೆಗೂ ಮೀಸಲು ತೆಗೀಬೇಡಿ, ಅಷ್ಟೇ."

ಅವನು ಬೈದಿದ್ದರೆ ಸೋವರಸ ಸುಖವಾಗಿ ನಿದ್ರಿಸುತ್ತಿದ್ದ. ಶಾಪ ಹಾಕಿದ್ದರೆ ಇನ್ನೂ ಒಳ್ಳೆಯದಿತ್ತು. ಈಗ ಊಟಕ್ಕೆ ಕುಳಿತರೆ ಅನ್ನ ಆ ಮುದುಕನ ಭಿಕ್ಷೆಯಂತೆ ಕಾಣುತ್ತಿತ್ತು. ರಾಜಭಕ್ತಿ ಎಂಬ ಒಂದು ವಿಷಯದಲ್ಲಾದರೂ ತನಗೆ ಸಮನಿಲ್ಲವೆಂದುಕೊಂಡಿದ್ದ. ಅದನ್ನೂ ಗೊಲ್ಲ ಕಿತ್ತುಕೊಂಡು ಹೋಗಿದ್ದ.

ಎಂಟು ದಿನದ ಮೇಲೆ ದೊರೆ ಸಭೆಯಲ್ಲಿ ಕೇಳಿದ: "ಹಕ್ಕಿಯೂ ಇಲ್ಲ, ಅಜ್ಜನೂ ಇಲ್ಲ. ಮೀಸಲು ಇಂದೇ ತೆರೆಯಬಹುದಲ್ಲ?"

ಹೂಂ ಎಂದರೆ ಸಾಕಿತ್ತು. ಹಬ್ಬದಲ್ಲಿ ಕೊಬ್ಬಿದ ಎತ್ತುಗಳ ಕೀರ್ತಿ ಸೋವರಸನಿಗೆ, ಬೇಸಿಗೆಯ ಬೋಳು ನೆಲದ ಅಪಕೀರ್ತಿ ಅಧಿಕಾರ ಕಳೆದುಕೊಂಡು ಹೋದ ಮುದುಕನಿಗೆ. ಆದರೆ ಅಂದು ಬೆಳಗ್ಗೆ ಅವನು ಹುಲ್ಲಿನ ತೆನೆಯೊಂದನ್ನು ಹಿಸುಕಿ ನೋಡಿದ್ದ.

"ಇನ್ನೊಂದು ತಿಂಗಳು ಬೇಡ, ಪ್ರಭು. ತೆನೆಯಲ್ಲಿ ಇನ್ನೂ ಹಾಲಿದೆ, ಬೀಜ ಬಲಿತಿಲ್ಲ."

"ಇದು ಅಜ್ಜನ ಮಾತು."

"ಹೌದು. ಮೊಟ್ಟೆ ಒಡೆದವನು ನಾನು. ಅವನು ನನ್ನ ಹೆಜ್ಜೆ ಅಳಿಸಿದ." ಸೋವರಸ ಕತ್ತಿ ಬಿಚ್ಚಿ ನೆಲದ ಮೇಲಿಟ್ಟ. ಪಶ್ಚಾತ್ತಾಪಕ್ಕಿಂತ ಹಟವೇ ಅವನಿಂದ ಇದನ್ನು ಆಡಿಸಿತ್ತು: ಕ್ಯಾತಯ್ಯನ ಋಣದಲ್ಲಿ ಬದುಕುವುದಕ್ಕಿಂತ ಸಾಯುವುದು ಲೇಸು.

ಮಲ್ಲರಸ ಸಿಂಹಾಸನದಿಂದಿಳಿದು, ಪಲ್ಲಕ್ಕಿಯನ್ನೂ ಕರೆಸದೆ ಬಾಗಿಲಿನತ್ತ ನಡೆದ. "ನಾನೇ ಹೋಗಿ ಕರೆತರುತ್ತೇನೆ," ಎಂದ. "ನಿಮ್ಮ ಶಿಕ್ಷೆ ಏನೆಂಬುದನ್ನು ಅಜ್ಜನೇ ಹೇಳಲಿ, ಸೋವರಸರೇ."

ಸಭೆ ದೊರೆಯ ಹಿಂದೆ ಹೊರಟುಹೋಯಿತು. ಸೋವರಸ ಕತ್ತಿಯ ಮುಂದೆ ನಿಂತೇ ಇದ್ದ. ಮುದುಕ ಏನು ಹೇಳುತ್ತಾನೆಂದು ಅವನಿಗೆ ಗೊತ್ತಿತ್ತು. ಕ್ಷಮಿಸುತ್ತಾನೆ. ಇನ್ನುಳಿದ ಆಯುಷ್ಯವನ್ನೂ ಅವನ ಕೈಯಿಂದಲೇ ಪಡೆಯಬೇಕು.