ಬೀಸುಕಲ್ಲಿನ ಮುದುಕಿಯ ಮುಖ

೧೯೬೨ರ ಮೇ ೧೨, ಶನಿವಾರ. ಸಂಜೆ ಏಳು ಗಂಟೆ ಐವತ್ತೆರಡು ನಿಮಿಷ.

ಶಿರಸಿಯ ಟೆಂಟ್ ಸಿನಿಮಾದ ತೆರೆಯ ಮೇಲೆ ಒಬ್ಬ ಮುದುಕಿ ಬೆನ್ನು ಹಾಕಿ ಕೂತು ಬೀಸುತ್ತಿದ್ದಳು. ಬೀಸುಕಲ್ಲಿನಲ್ಲಿ ಒಂದು ಕಾಳೂ ಇರಲಿಲ್ಲ. ಘರ್... ಘರ್... ಸದ್ದು ತಟ್ಟನೆ ನಿಂತಿತು. ಮುದುಕಿಯ ಕುತ್ತಿಗೆ ನಿಧಾನವಾಗಿ ಇತ್ತ ಹೊರಳತೊಡಗಿತು.

ಹೆಂಗಸರ ಬೆಂಚಿನಲ್ಲಿ ಪರಿಮಳಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಬೆರಳುಗಳ ನಡುವೆ ಸಂದಿ ಬಿಟ್ಟುಕೊಂಡಿದ್ದಳು, ಅದು ಬೇರೆ ಮಾತು. ದೆವ್ವವನ್ನು ಹಾಗೆ ಸಂದಿಯಿಂದ ನೋಡಿದರೇ ಅವಳಿಗೆ ರುಚಿ.

ಈಗ... ಈಗ ಕಾಣುತ್ತಾಳೆ...

ತೆರೆ ಕಪ್ಪಾಯಿತು!

ಮತ್ತೆ ಬೆಳಕು ಬಂದಾಗ ಮುದುಕಿ ಇರಲಿಲ್ಲ. ಬೀಸುಕಲ್ಲು ಮಾತ್ರ ತಾನೇ ತಾನಾಗಿ ತಿರುಗುತ್ತಿತ್ತು.

"ಈ ಸಲಾನೂ!" ಪರಿಮಳಾ ಹಲ್ಲು ಕಚ್ಚಿದಳು.

"ಹೋದಳಲ್ಲ, ಪುಣ್ಯ," ಎಂದು ಪಕ್ಕದಲ್ಲಿ ತಾಯಿ ನೀಲಗಂಗವ್ವ ಸೆರಗಿನಿಂದ ಬೆವರು ಒರೆಸಿಕೊಂಡಳು.

ಇದು ಮೂರನೆಯ ವರ್ಷ. ದೀಪಾವಳಿ ಕಳೆದ ಮೇಲೆ ಊರ ಹೊರಗಿನ ಬಯಲಿನಲ್ಲಿ ಏಳುವ ಟೆಂಟನ್ನು ಮಳೆಗಾಲಕ್ಕೆ ಮುಂಚೆ ಕೀಳುತ್ತಾರೆ. ಆಟ ಮುಗಿಯುವ ಕೊನೆಯ ವಾರ ದೆವ್ವದ ಚಿತ್ರವೇ ಆಗಬೇಕು. ಅದು ಮಾಲೀಕ ಕೆರಿಯಪ್ಪನ ಪದ್ಧತಿ. ಪ್ರತಿ ಮೇ ತಿಂಗಳೂ ಅದೇ ಚಿತ್ರ, ಅದೇ ಮುದುಕಿ. ಆ ಚಿತ್ರದ ದೆವ್ವಗಳಲ್ಲಿ ಊರಿನ ಒಬ್ಬೊಬ್ಬರಿಗೆ ಒಂದೊಂದು ಇಷ್ಟ. ಪಕ್ಕದ ಮನೆಯ ಸಾವಿತ್ರವ್ವನಿಗೆ ತಲೆಯಿಲ್ಲದ ಗಾಡಿಯವನೆಂದರೆ ಪ್ರಾಣ. ಪರಿಮಳಾಗೆ ಮಾತ್ರ ಬೀಸುಕಲ್ಲಿನ ಮುದುಕಿ.

ಆದರೆ ಮೂರು ವರ್ಷದಲ್ಲಿ ಒಂದು ಸಲವೂ ಅವಳ ಮುಖ ಕಂಡಿರಲಿಲ್ಲ!

ಮೊದಲ ವರ್ಷ ಸರಿಯಾಗಿ ಅದೇ ಕ್ಷಣಕ್ಕೆ ಅಡ್ಡಿಯಾಗಿತ್ತು. ಎರಡನೆಯ ವರ್ಷ ತೆರೆ ಕಪ್ಪಾದಾಗ, ರೀಲು ಹರಿದಿರಬೇಕೆಂದು ಸುಮ್ಮನಾಗಿದ್ದಳು. ಆದರೆ ಮೊನ್ನೆ ಗುರುವಾರ ಸಾವಿತ್ರವ್ವ ಗಂಡನ ಜೊತೆ ಹೋಗಿ ಬಂದು ಹೇಳಿದ್ದಳು, "ಮುಖ ಕಾಣಸ್ತದಲ್ಲವ್ವ! ಕಣ್ಣು ನೆಟ್ಟು ನನ್ನನ್ನ ನೋಡಿದ್ಲು. ಮರುದಿನ ಹಿಟ್ಟು ಬೀಸಾಕ ಕೂಡಲಿಲ್ಲ ನಾನು!"

ಹಾಗಾದರೆ ರೀಲು ಸರಿಯಿದೆ. ಪರಿಮಳಾ ಬಂದ ದಿನ ಮಾತ್ರ ಮುಖ ಕಾಣುವುದಿಲ್ಲ. ಯಾಕೆ?

ಇಂಟರ್‌ವಲ್‌ನ ದೀಪ ಹತ್ತಿದ್ದೇ ತಡ, ನೀರು ಕುಡಿದು ಬರುತ್ತೇನೆಂದು ಎದ್ದವಳು ನೇರವಾಗಿ ಮಷಿನ್ ಕೋಣೆಯ ತಗಡಿನ ಬಾಗಿಲಿಗೆ ಬಂದಳು. ಆಪರೇಟರ್ ಮಧುಕೇಶ್ವರ ಮಷಿನ್ನಿನ ದೀಪಕ್ಕೆ ಹೊಸ ಕಾರ್ಬನ್ ಕಡ್ಡಿ ಸಿಕ್ಕಿಸುತ್ತಿದ್ದ. ಬನವಾಸಿಯ ಹುಡುಗ. ಪ್ರತಿ ನವೆಂಬರ್‌ನಲ್ಲೂ ತೆರೆಗೆ ತೇಪೆ ಹಾಕಲು ಮಾಂಜರಪಾಟು ಬಟ್ಟೆ ಕೊಳ್ಳಲು ಅವಳ ತಂದೆ ವೀರಪ್ಪನ ಅಂಗಡಿಗೆ ಬರುತ್ತಿದ್ದ. ಹೋದ ಸಲ ಬಂದಾಗ ಅಪ್ಪನಿಗೆ ಚಹಾ ತಂದಿದ್ದ ಪರಿಮಳಾ, "ಮುದುಕಿ ಈ ವರ್ಷಾನೂ ಬರ್ತಾಳೇನ್ರಿ?" ಎಂದು ಕೇಳಿದ್ದಳು. ಅವನು ನಕ್ಕಿದ್ದ. ಆ ನಗೆ ಆರು ತಿಂಗಳು ಅವಳ ಜೊತೆಗೇ ಇತ್ತು.

ಈಗ ಆ ನಗೆಯ ಮೇಲೇ ಅವಳಿಗೆ ಸಿಟ್ಟು.

"ಮುದುಕಿ ಮುಖ ಎಲ್ಲಿ ಹೋತ್ರಿ?"

ಅವನು ಬೆಚ್ಚಿ ತಿರುಗಿದ. ಕೈಯಲ್ಲಿದ್ದ ಕಡ್ಡಿ ನೆಲಕ್ಕೆ ಬಿತ್ತು.

"ಅದು... ನಾನೇ ಲೆನ್ಸಿಗೆ ಕೈ ಅಡ್ಡ ಇಟ್ಟೆ."

"ಹೋದ ವರ್ಷ?"

"ಹೋದ ವರ್ಷಾನೂ ನಾನೇ."

"ಯಾಕ್ರಿ?"

"ನೀವು ನೋಡೋದು ಬ್ಯಾಡ ಅಂತ..."

ಬ್ಯಾಡ!

ಆ ಒಂದು ಮಾತಿಗೆ ಪರಿಮಳಾಳ ಮೈ ಉರಿದುಹೋಯಿತು. ಮನೆಯಲ್ಲಿ ದಿನವೆಲ್ಲ ಅದೇ ಮಾತು. ಪೇಪರಿನಲ್ಲಿ ಕೊಲೆಯ ಸುದ್ದಿ ಓದಬ್ಯಾಡ. ಬುಧವಾರ ಹಾವೇರಿಯಿಂದ ಗಂಡಿನ ಕಡೆಯವರು ಬರಲಿದ್ದಾರೆ. ಹುಡುಗನ ಫೋಟೊ ಕೇಳಿದರೆ, "ನಿಮ್ಮಪ್ಪ ನೋಡ್ಯಾನ, ಸಾಕು. ನೀನು ನೋಡೋದು ಬ್ಯಾಡ." ಈಗ ಇವನೂ!

"ನಾ ಏನು ನೋಡಬೇಕು, ಏನು ಬಿಡಬೇಕು ಅಂತ ಹೇಳಾಕ ನೀವು ಯಾರು?"

"ಹಂಗಲ್ರಿ, ಕೇಳ್ರಿ ಒಂಚೂರು..."

"ಪರಿಮಳಾ!" ತಾಯಿಯ ದನಿ ಕೇಳಿತು. "ನೀರು ಕುಡಿಯಾಕ ಹೋದಿಯೋ, ಬಾವಿ ತೋಡಾಕ ಹೋದಿಯೋ?"

ಅವನ ಮಾತು ಅರ್ಧಕ್ಕೇ ನಿಂತಿತು. "ನಾಳೆ ಕಡೇ ಆಟ. ನಾಳೆ ಬರ್ರಿ, ಕೈ ಇಡೋದಿಲ್ಲ!" ಎಂದು ಕೂಗಿದ. ಅವಳು ತಿರುಗಿಯೂ ನೋಡಲಿಲ್ಲ.

ಆದರೆ ಮರುದಿನ ಹೋಗದೆ ಇರಲೂ ಆಗಲಿಲ್ಲ. ಹಾವೇರಿಯ ಸಂಬಂಧ ಕುದುರಿದರೆ ಮುಂದಿನ ಮೇ ತಿಂಗಳು ಅವಳು ಈ ಊರಿನಲ್ಲೇ ಇರುವುದಿಲ್ಲ. ಒಂದೇ ಒಂದನ್ನಾದರೂ ತನ್ನ ಕಣ್ಣಿನಿಂದ ನೋಡಿ ಹೋಗಬೇಕು... ಅಷ್ಟೇ.

ಭಾನುವಾರ ಏಳೂವರೆಗೆ ಗುಡುಗಿತು. ಮುದುಕಿ ಬೀಸಲು ಕೂತಾಗ ಮಷಿನ್ ಕೋಣೆಯ ತಗಡಿನ ಮೇಲೆ ಹನಿ ಬಿದ್ದವು. ಅವಳು ಕುತ್ತಿಗೆ ಹೊರಳಿಸುವ ಹೊತ್ತಿಗೆ ಗಾಳಿ ನುಗ್ಗಿ ತೆರೆಯನ್ನು ನಡುಮಧ್ಯಕ್ಕೆ ಸೀಳಿತು! ಜನ ಚೆಲ್ಲಾಪಿಲ್ಲಿಯಾದರು. ಪರಿಮಳಾ ತೋಯ್ದು ತೊಪ್ಪೆಯಾಗಿ ನಿಂತು, ಹರಿದ ಬಟ್ಟೆಯನ್ನೇ ನೋಡುತ್ತ ಅತ್ತಳು. ಅಳು ದುಃಖದ್ದಲ್ಲ, ರೋಸಿ ಬಂದದ್ದು.

ಸೋಮವಾರ ಬೆಳಿಗ್ಗೆ ಸಾವಿತ್ರವ್ವ ಬಾಗಿಲಲ್ಲಿ ನಿಂತು ಕಣ್ಣು ಮಿಟುಕಿಸಿದಳು.

"ಸಂತಿಗೆ ಅಂತ ಹೇಳಿ ಹೊರಡು. ಟೆಂಟು ಬಿಚ್ಚಾಕತ್ತಾರ. ರೀಲಿನ ಪೆಟ್ಟಿಗಿ ಹನ್ನೆರಡರ ಬಸ್ಸಿಗೆ ಹುಬ್ಬಳ್ಳಿಗೆ ಹೋಗ್ತದಂತ."

"ಹೋದರ ಹೋಗ್ಲಿ. ನನಗೇನು?"

"ನಿನಗೇನಿಲ್ಲವ್ವ. ಆ ಹುಡುಗ ಬೆಳಿಗ್ಗಿಂದ ಎರಡು ಸಲ ನಮ್ಮ ಮನಿ ಮುಂದ ಸೈಕಲ್ ತುಳದಾನ. ನಾನೇನು ಸುಂದರಿ ಅಂತ ತುಳದಾನೇನು?"

ಬಯಲಿನಲ್ಲಿ ಗುಡಾರದ ಬಟ್ಟೆ ಒಣಗಲು ಹಾಸಿತ್ತು. ಬಿಸಿಲು ಚುರುಕಾಗಿತ್ತು. ಮಧುಕೇಶ್ವರ ಮಡಿಸುವ ಕುರ್ಚಿಯ ಮೇಲೆ ಕೂತು ರೀಲಿನ ಡಬ್ಬಿಗಳನ್ನು ಒರೆಸುತ್ತಿದ್ದ. ಅವಳನ್ನು ಕಂಡವನೇ ಎದ್ದ. ಸಾವಿತ್ರವ್ವ ದೂರದ ಗೂಟದ ಬಳಿ ಕೂತು ಬೇರೆ ಕಡೆ ಮುಖ ಮಾಡಿದಳು.

"ನಿನ್ನೆ ಮಳೆ ಬಂದದ್ದಕ್ಕ ನಾ ಕಾರಣ ಅಲ್ರಿ," ಎಂದ ಅವನು.

"ಮೊನ್ನೆದಕ್ಕ?"

"ಮೊನ್ನೆದಕ್ಕ ನಾನೇ." ಅವನು ತಲೆ ತಗ್ಗಿಸಿದ. "ಮೊದಲ ವರ್ಷ ಮುದುಕಿ ತಿರುಗಿದಾಗ ನೀವು ಚಿಟ್ಟನೆ ಚೀರಿದ್ರಿ. ನನ್ನ ಕಿಂಡಿಯಿಂದ ನಿಮ್ಮ ಬೆನ್ನಷ್ಟೇ ಕಾಣಸ್ತದ. ಎರಡೂ ಕೈ ಮುಖಕ್ಕ ಹೋದವು. ಹೆಗಲು ನಡುಗ್ತಿತ್ತು. ನನಗ ತಡಕೊಳ್ಳಾಕ ಆಗಲಿಲ್ಲ. ಇನ್ನ ಮ್ಯಾಲೆ ಇವರು ಬಂದ ದಿನ ಆ ಮುಖ ತೋರಸಬಾರದು ಅಂತ..."

ಪರಿಮಳಾ ಅವನನ್ನೇ ನೋಡಿದಳು. ತುಟಿ ಅದುರಿತು. ಅಳುತ್ತಾಳೆಂದುಕೊಂಡ ಅವನು ಒಂದು ಹೆಜ್ಜೆ ಮುಂದೆ ಬಂದ. ಅವಳು ಕಿಸಕ್ಕನೆ ನಕ್ಕಳು!

"ನಾ ಚೀರಿದ್ದು ಮುದುಕಿಗಲ್ರಿ! ಅಂಜಿಕಿಗೆ ನಮ್ಮವ್ವ ನನ್ನ ತೋಳು ಚಿವುಟಿದ್ಲು. ಎಂಟು ದಿನ ನೀಲಿ ಇತ್ತು. ಆಕಿ ಕಡೆ ತಿರುಗಿದ್ದಕ್ಕನ ನನಗ ಮುಖ ತಪ್ಪಿದ್ದು!"

"ಹೆಗಲು ನಡುಗಿದ್ದು?"

"ಉರಿಗೆ! ಸಿಟ್ಟಿಗೆ!"

ಅವನ ಮುಖ ಬಿಳಿಚಿಕೊಂಡಿತು. ಎರಡು ವರ್ಷ ಪ್ರೀತಿಯೆಂದು ಇಟ್ಟ ಕೈ!

ಪರಿಮಳಾಳ ನಗೆ ನಿಂತಿತು. "ನನ್ನ ಕಣ್ಣಿಗೆ ಕೈ ಅಡ್ಡ ಇಡೋರು ಮನಿಯೊಳಗ ಬೇಕಾದಷ್ಟು ಜನ ಅದಾರ. ನೀವೊಬ್ರು ಹಂಗಲ್ಲ ಅನ್ಕೊಂಡಿದ್ದೆ. ಒಂದು ಮಾತು ಕೇಳಬಹುದಿತ್ತಲ್ಲ... ಚಹಾ ತಂದಾಗ ಎದುರಿಗೇ ನಿಂತಿದ್ದೆ."

"ತಪ್ಪಾತ್ರಿ."

ಅವನು ಡಬ್ಬಿಗಳತ್ತ ಬಗ್ಗಿದ. ಮೂರನೆಯ ಡಬ್ಬಿ ತೆರೆದ. ಕೈಯನ್ನು ಅಂಗಿಗೆ ಒರೆಸಿಕೊಂಡು, ರೀಲು ಬಿಚ್ಚುತ್ತ ಬಿಚ್ಚುತ್ತ ಒಂದು ಕಡೆ ನಿಲ್ಲಿಸಿದ.

"ಇದನ್ನ ಅಂಚಿನಾಗ ಹಿಡೀರಿ. ಹಿಂದ ಹಿಂದ ಸರೀರಿ... ಇನ್ನೊಂಚೂರು... ಸಾಕು. ಈಗ ಬಿಸಿಲಿಗೆ ಎತ್ತಿ ನೋಡ್ರಿ."

ಇಬ್ಬರ ನಡುವೆ ಹದಿನಾರೂವರೆ ಅಡಿ ಫಿಲ್ಮು ಹೊಳೆಯಿತು. ಪರಿಮಳಾ ಬೆರಳು ಅಡ್ಡವಿಡದೆ ನೋಡಿದಳು. ಒಂದೊಂದು ಚೌಕದಲ್ಲೂ ಮುದುಕಿ ಕೂದಲೆಳೆಯಷ್ಟು ಹೊರಳುತ್ತಿದ್ದಳು. ಪರಿಮಳಾ ಒಂದೊಂದನ್ನೇ ನೋಡುತ್ತ ಹೆಜ್ಜೆ ಹೆಜ್ಜೆಯಾಗಿ ಅವನತ್ತ ಬಂದಳು. ಅವಳು ನೋಡಿ ಮುಗಿಸಿದ್ದನ್ನು ಅವನು ಸುತ್ತಿಕೊಂಡ.

ಮುದುಕಿಗೆ ಕೋರೆಹಲ್ಲು ಇರಲಿಲ್ಲ. ಚಾಚಿದ ನಾಲಿಗೆಯೂ ಇರಲಿಲ್ಲ. ಒಬ್ಬ ದಣಿದ ಹೆಂಗಸು, ಕಣ್ಣು ತಗ್ಗಿಸದೆ ನೇರ ನೋಡುತ್ತಿದ್ದಳು. ಪರಿಮಳಾಳ ಮೈ ಜುಮ್ಮೆಂದಿತು.

"ಹೆದರಿಕಿ ಆತೇನ್ರಿ?"

"ಬಾಳ ಆತು," ಎಂದಳು ಅವಳು ಖುಷಿಯಿಂದ. "ಆಕಿನ್ನ ಯಾರೂ ಸರಿಯಾಗಿ ನೋಡೇ ಇಲ್ಲ ಅನ್ನಸ್ತದ."

ಈಗ ಫಿಲ್ಮಿನ ಎರಡೂ ತುದಿ ಅವನ ಕೈಗೆ ಬಂದಿದ್ದವು. ಅವಳು ಅವನ ಎದುರಿಗೇ ಇದ್ದಳು.

"ಬುಧವಾರ ಹಾವೇರಿಯವರು ಬರ್ತಾರಂತ, ಸಾವಿತ್ರವ್ವ ಹೇಳಿದ್ಲು," ಎಂದ ಮಧುಕೇಶ್ವರ. "ನೀವು ಹೂಂ ಅಂದ್ರ ಮಂಗಳವಾರನ ಬನವಾಸಿಯಿಂದ ನಮ್ಮ ಹಿರೇರನ್ನ ಕಳಸ್ತೀನಿ. ಮೊದಲ ನಿಮ್ಮನ್ನ ಕೇಳಾಕತ್ತೀನಿ. ನಿಮಗ... ನಾ ಬೇಕೇನ್ರಿ?"

ಅವಳನ್ನು ಯಾರಾದರೂ ಹೀಗೆ ಕೇಳಿದ್ದು ಅದೇ ಮೊದಲು. ಪರಿಮಳಾಳ ಕಣ್ಣು ತುಂಬಿತು.

"ಬೇಕು. ಆದರ ಇನ್ನೊಂದು ಸಲ ಕೈ ಅಡ್ಡ ಇಟ್ರ..."

"ಇಡೋದಿಲ್ಲ."

"ಎಂಥಾ ದೆವ್ವ ಬಂದ್ರೂ?"

"ನಿಮ್ಮವ್ವ ಬಂದ್ರೂ!"

ದೂರದ ಗೂಟದ ಬಳಿಯಿಂದ ಸಾವಿತ್ರವ್ವನ ನಗು ಕೇಳಿಸಿತು. "ಬಸ್ಸಿನ ಹೊತ್ತಾತ್ರೋ! ದೆವ್ವಗಳಿಗಾರ ಹುಬ್ಬಳ್ಳಿ ಮುಟ್ಟೋ ಚಿಂತಿ ಐತಿ!"

ಮಂಗಳವಾರ ಹಿರಿಯರು ಬಂದರು. ಬುಧವಾರ ಹಾವೇರಿಯವರೂ ಬಂದು ಹೋದರು. ವೀರಪ್ಪ ಎರಡು ದಿನ ಗೊಣಗಿದ. ಮೂರನೆಯ ದಿನ ಹಾವೇರಿಗೆ ಸಂಬಂಧ ಬೇಡವೆಂದು ಕಾಗದ ಬರೆದ.

ಮರುವರ್ಷದ ಮೇ ತಿಂಗಳು ಟೆಂಟಿನಲ್ಲಿ ಮತ್ತೆ ಅದೇ ಚಿತ್ರ ಬಂತು. ಪರಿಮಳಾ ಅದೇ ಬೆಂಚಿನಲ್ಲಿ ಕೂತಿದ್ದಳು, ಕೊರಳಲ್ಲಿ ತಾಳಿಯಿತ್ತು. ಬೀಸುಕಲ್ಲಿನ ಸದ್ದು ನಿಂತಿತು. ಮುದುಕಿಯ ಕುತ್ತಿಗೆ ಹೊರಳಿತು. ನೀಲಗಂಗವ್ವ ಮಗಳ ತೋಳನ್ನು ಬಲವಾಗಿ ಚಿವುಟಿದಳು.

ಪರಿಮಳಾ ಚೀರಲಿಲ್ಲ, ಅತ್ತ ತಿರುಗಲೂ ಇಲ್ಲ.

ಮಷಿನ್ ಕೋಣೆಯಲ್ಲಿ ಮಧುಕೇಶ್ವರ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಮುದುಕಿಯ ಮುಖ ತೆರೆಯ ಮೇಲೆ ಪೂರ್ತಿ ಹನ್ನೊಂದು ಸೆಕೆಂಡು ಇತ್ತು.